ಮಾರುಕಟ್ಟೆಗೆ ಬಹುಮತ, ಕಲ್ಯಾಣಕ್ಕೆ ಸರ್ವಾನುಮತ: ಐರೋಪ್ಯ ಒಕ್ಕೂಟದ ಸುಧಾರಣೆ ಎಲ್ಲಿಂದ ಆರಂಭವಾಗಬೇಕು?

ಪ್ರಶ್ನೆ: ಐರೋಪ್ಯ ಒಕ್ಕೂಟ ಸುಧಾರಣೆಯಾಗಬೇಕು ಎಂದು ಎಲ್ಲರೂ ಹೇಳುತ್ತಾರೆ. ಕೆಲವರಿಗೆ ಅದು ಅಮೆರಿಕ, ಚೀನಾಗಳ ಜೊತೆ ಸ್ಪರ್ಧಿಸುವುದಕ್ಕೆ, ಇನ್ನು ಕೆಲವರಿಗೆ ರಕ್ಷಣಾ ವೆಚ್ಚ ಹೊಂದಿಸುವುದಕ್ಕೆ. ಆದರೆ ಗ್ರೀಸ್‌ನಲ್ಲಿ ನಡೆದದ್ದನ್ನು ನೆನೆದರೆ ಸುಧಾರಣೆಯ ಮಾತು ಬಂದಾಗಲೆಲ್ಲ ಮೊದಲು ಕತ್ತರಿ ಬೀಳುವುದು ಪಿಂಚಣಿಗೇ ಎನಿಸುತ್ತದೆ. ಪಿಂಚಣಿ, ನಿರುದ್ಯೋಗ ಭತ್ಯೆ, ಸಾರ್ವಜನಿಕ ಆರೋಗ್ಯ ವ್ಯವಸ್ಥೆಗಳನ್ನು ಉಳಿಸಿಕೊಂಡೇ ಈ ಒಕ್ಕೂಟವನ್ನು ಸುಧಾರಿಸಲು ಸಾಧ್ಯವೇ? ನನ್ನ ಮಗಳು ನೆದರ್ಲೆಂಡ್ಸ್‌ನಲ್ಲಿ ಮೂರು ವರ್ಷ ಕೆಲಸ ಮಾಡಿ ಈಗ ಜರ್ಮನಿಯಲ್ಲಿದ್ದಾಳೆ. ಅವಳಂಥವರಿಗೆ ಇದರಲ್ಲಿ ಏನಿದೆ?
— ಧಾರವಾಡದ ಒಬ್ಬ ನಿವೃತ್ತ ಉಪನ್ಯಾಸಕರು

ಉತ್ತರ: ಸಾಧ್ಯವಿದೆ. ಆದರೆ ಸುಧಾರಣೆಯ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಮೊದಲು ಕಾಣಿಸಿಕೊಳ್ಳುವ ಅಂಶಗಳಿಂದ ಅದು ಆಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಐರೋಪ್ಯ ಒಕ್ಕೂಟದಲ್ಲಿ ಮಾರುಕಟ್ಟೆಗೆ ಸಂಬಂಧಿಸಿದ ನಿಯಮಗಳನ್ನು ಬಹುಮತದಿಂದ ಮಾಡಬಹುದು. ಸದಸ್ಯ ರಾಷ್ಟ್ರಗಳ ಪೈಕಿ ಶೇ. 55ರಷ್ಟು ಒಪ್ಪಿ, ಅವುಗಳಲ್ಲಿ ಒಕ್ಕೂಟದ ಜನಸಂಖ್ಯೆಯ ಶೇ. 65ರಷ್ಟು ಜನರಿದ್ದರೆ ಸಾಕು. ಹಾಗೆ ಮಾಡಿದ ನಿಯಮಗಳನ್ನು ಲಕ್ಸೆಂಬರ್ಗ್‌ನಲ್ಲಿರುವ ಒಕ್ಕೂಟದ ನ್ಯಾಯಾಲಯ ರಾಷ್ಟ್ರೀಯ ಕಾನೂನುಗಳಿಗಿಂತ ಮೇಲೆ ಇರಿಸುತ್ತದೆ. ಸಾಮಾಜಿಕ ಭದ್ರತೆ ಅಥವಾ ತೆರಿಗೆಯ ವಿಷಯಕ್ಕೆ ಬಂದರೆ ಒಂದು ಸಾಲನ್ನು ಬದಲಿಸುವುದಕ್ಕೂ 27 ಸರ್ಕಾರಗಳು ಒಂದೇ ಸ್ವರದಲ್ಲಿ ಹೂಂ ಅನ್ನಬೇಕು. ಜರ್ಮನಿಯ ರಾಜ್ಯಶಾಸ್ತ್ರಜ್ಞ ಫ್ರಿಟ್ಜ್ ಶಾರ್ಫ್ ದಶಕಗಳ ಕಾಲ ಎತ್ತಿ ತೋರಿಸಿದ್ದು ಈ ಅಸಮತೋಲನವನ್ನೇ. ಅಡ್ಡಗೋಡೆಗಳನ್ನು ಕೆಡವುವುದು ಒಕ್ಕೂಟಕ್ಕೆ ಸುಲಭ, ಕೆಡವಿದ ಜಾಗದಲ್ಲಿ ಹೊಸ ರಕ್ಷಣೆ ಕಟ್ಟುವುದು ಬಹಳ ಕಷ್ಟ. ಕಲ್ಯಾಣವನ್ನು ಕಾಪಾಡುವ ಸುಧಾರಣೆ ಯಾವುದೇ ಇರಲಿ, ಅದು ಈ ತಕ್ಕಡಿಯನ್ನು ಸ್ವಲ್ಪವಾದರೂ ಸರಿಪಡಿಸಬೇಕು.

ಮೊದಲು ಯಾವುದು ಯಾರ ಕೈಯಲ್ಲಿದೆ ಎಂಬುದನ್ನು ಸ್ಪಷ್ಟಪಡಿಸಿಕೊಳ್ಳೋಣ. ಒಕ್ಕೂಟದ ವಾರ್ಷಿಕ ಬಜೆಟ್ ಸದಸ್ಯ ರಾಷ್ಟ್ರಗಳ ಒಟ್ಟು ಆದಾಯದ ಸುಮಾರು ಶೇ. 1ರಷ್ಟು ಮಾತ್ರ. ಅದೇ ರಾಷ್ಟ್ರಗಳು ಪಿಂಚಣಿ, ಆರೋಗ್ಯ, ನಿರುದ್ಯೋಗ, ಕುಟುಂಬ ಭತ್ಯೆ ಮುಂತಾದ ಸಾಮಾಜಿಕ ರಕ್ಷಣೆಗೆ ಜಿಡಿಪಿಯ ಕಾಲು ಭಾಗಕ್ಕಿಂತ ಹೆಚ್ಚು ಖರ್ಚು ಮಾಡುತ್ತವೆ. ಕಲ್ಯಾಣ ರಾಜ್ಯವಿರುವುದು ಬರ್ಲಿನ್, ಕೋಪನ್‌ಹೇಗನ್, ಅಥೆನ್ಸ್‌ಗಳಲ್ಲಿ, ಒಕ್ಕೂಟದ ಆಡಳಿತ ಕೇಂದ್ರವಾದ ಬ್ರಸೆಲ್ಸ್‌ನಲ್ಲಿ ಇಲ್ಲ. ಅವುಗಳ ರೂಪವೂ ಒಂದೇ ಅಲ್ಲ. ಜರ್ಮನಿಯಲ್ಲಿ ಉದ್ಯೋಗಿ ಮತ್ತು ಮಾಲೀಕರು ಕಟ್ಟುವ ವಂತಿಗೆಯೇ ವ್ಯವಸ್ಥೆಯ ಬೆನ್ನೆಲುಬು, ಡೆನ್ಮಾರ್ಕ್‌ನಲ್ಲಿ ತೆರಿಗೆಯ ಹಣವೇ ಪ್ರಧಾನ. ಅಂತರವೂ ಸಣ್ಣದಲ್ಲ: 2025ರ ಜನವರಿಯಲ್ಲಿ ಬಲ್ಗೇರಿಯದ ತಿಂಗಳ ಕನಿಷ್ಠ ವೇತನ 551 ಯೂರೋ ಇದ್ದರೆ ಲಕ್ಸೆಂಬರ್ಗ್‌ನದು 2,638 ಯೂರೋ. ಈ ಎರಡೂ ದೇಶಗಳ ಕಂಪನಿಗಳು ಒಂದೇ ಮಾರುಕಟ್ಟೆಯಲ್ಲಿ ಮುಕ್ತವಾಗಿ ವ್ಯವಹರಿಸುತ್ತವೆ ಎಂಬುದನ್ನು ಗಮನಿಸಿದರೆ ಮುಂದಿನ ಕಥೆ ಅರ್ಥವಾಗುತ್ತದೆ.

ಈ ವಿಭಜನೆ ಆಕಸ್ಮಿಕವಲ್ಲ, ಆರು ರಾಷ್ಟ್ರಗಳು 1957ರಲ್ಲಿ ರೋಮ್ ಒಪ್ಪಂದಕ್ಕೆ ಸಹಿ ಹಾಕುವಾಗ ತಿಳಿದೇ ಮಾಡಿಕೊಂಡದ್ದು. ಅದಕ್ಕೆ ಒಂದು ವರ್ಷ ಮೊದಲು ಸ್ವೀಡನ್ನಿನ ಅರ್ಥಶಾಸ್ತ್ರಜ್ಞ ಬರ್ಟಿಲ್ ಓಲಿನ್ ಅವರ ನೇತೃತ್ವದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ನೇಮಿಸಿದ್ದ ತಜ್ಞರ ಸಮಿತಿಯು, ವೇತನದ ವ್ಯತ್ಯಾಸಗಳು ಉತ್ಪಾದಕತೆಯ ವ್ಯತ್ಯಾಸಗಳನ್ನೇ ಬಹುಮಟ್ಟಿಗೆ ಪ್ರತಿಬಿಂಬಿಸುವುದರಿಂದ ಮಾರುಕಟ್ಟೆ ತೆರೆಯುವ ಮೊದಲು ಸಾಮಾಜಿಕ ಕಾನೂನುಗಳನ್ನು ಏಕರೂಪಗೊಳಿಸುವ ಅಗತ್ಯವಿಲ್ಲ ಎಂದು ವಾದಿಸಿತ್ತು. ಫ್ರಾನ್ಸ್‌ಗೆ ಇದು ಪೂರ್ತಿ ಒಪ್ಪಿಗೆಯಾಗಲಿಲ್ಲ. ಮಹಿಳೆಯರಿಗೆ ಸಮಾನ ವೇತನದ ಕಾನೂನು ತನ್ನಲ್ಲಿ ಇದ್ದು ನೆರೆಯವರಲ್ಲಿ ಇಲ್ಲದಿದ್ದರೆ ತನ್ನ ಜವಳಿ ಗಿರಣಿಗಳು ಸೋಲುತ್ತವೆ ಎಂಬ ಆತಂಕದಿಂದ ಅದು ಹಟ ಹಿಡಿದು ಸಮಾನ ವೇತನದ 119ನೇ ವಿಧಿಯನ್ನು ಒಪ್ಪಂದಕ್ಕೆ ಸೇರಿಸಿತು. ಕಾರಣ ವ್ಯಾಪಾರದ್ದಾಗಿದ್ದರೂ ವಿಧಿ ಉಳಿಯಿತು. ಸುಮಾರು ಎರಡು ದಶಕ ಅದು ಹಾಳೆಯ ಮೇಲೆಯೇ ಇತ್ತು. ನಲವತ್ತು ತುಂಬಿದ ಕೂಡಲೇ ಕೆಲಸ ಕಳೆದುಕೊಂಡ ಬೆಲ್ಜಿಯಂನ ಸಬೀನಾ ವಿಮಾನ ಸಂಸ್ಥೆಯ ಗಗನಸಖಿ ಗ್ಯಾಬ್ರಿಯೆಲ್ ಡೆಫ್ರೆನ್, ವಕೀಲೆ ಎಲಿಯಾನ್ ವೋಗೆಲ್-ಪೋಲ್ಸ್ಕಿ ಅವರ ನೆರವಿನಿಂದ ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ, 1976ರಲ್ಲಿ ಲಕ್ಸೆಂಬರ್ಗ್‌ನ ನ್ಯಾಯಾಧೀಶರು ಈ ವಿಧಿಯನ್ನು ಯಾವ ಪ್ರಜೆಯಾದರೂ ತನ್ನ ದೇಶದ ನ್ಯಾಯಾಲಯದಲ್ಲಿ ನೇರವಾಗಿ ಬಳಸಬಹುದು ಎಂದು ತೀರ್ಪಿತ್ತರು. ಒಕ್ಕೂಟವೇ ಕಲ್ಯಾಣದ ಶತ್ರು ಎನ್ನುವವರು ಈ ಪ್ರಕರಣವನ್ನು ಮರೆಯಬಾರದು. ಒಪ್ಪಂದದಲ್ಲಿ ಗಟ್ಟಿಯಾದ ಸಾಮಾಜಿಕ ವಿಧಿ ಇದ್ದರೆ ಇದೇ ನ್ಯಾಯಾಲಯ ಅದನ್ನೂ ಗಟ್ಟಿಯಾಗಿಯೇ ಜಾರಿಗೊಳಿಸುತ್ತದೆ.

ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸ್ಟಾಕ್‌ಹೋಮ್ ಹತ್ತಿರದ ವಾಕ್ಸ್‌ಹೋಲ್ಮ್ ಎಂಬ ಪುಟ್ಟ ಊರಿಗೆ ಹೋಗಬೇಕು. 2004ರಲ್ಲಿ ಲಾತ್ವಿಯ ಒಕ್ಕೂಟಕ್ಕೆ ಸೇರಿದ ವರ್ಷವೇ, ಲವಾಲ್ ಎಂಬ ಲಾತ್ವಿಯದ ಕಂಪನಿಯ ಕಾರ್ಮಿಕರು ಅಲ್ಲಿ ಒಂದು ಶಾಲೆಯ ಕಟ್ಟಡದ ಕೆಲಸಕ್ಕೆ ಬಂದರು. ಸ್ವೀಡನ್ನಿನಲ್ಲಿ ಕಾನೂನಿನ ಮೂಲಕ ಕನಿಷ್ಠ ವೇತನ ನಿಗದಿಯಾಗುವುದಿಲ್ಲ. ಕಾರ್ಮಿಕ ಸಂಘಟನೆ ಮತ್ತು ಮಾಲೀಕರು ಕೂತು ಮಾಡಿಕೊಳ್ಳುವ ಸಾಮೂಹಿಕ ಒಪ್ಪಂದವೇ ಅಲ್ಲಿ ಕಾನೂನಿನ ಕೆಲಸ ಮಾಡುತ್ತದೆ. ಅಂಥ ಒಪ್ಪಂದಕ್ಕೆ ಸಹಿ ಹಾಕಿರೆಂದು ಸ್ವೀಡನ್ನಿನ ಕಟ್ಟಡ ಕಾರ್ಮಿಕರ ಸಂಘಟನೆ ಕೇಳಿತು, ಕಂಪನಿ ಒಪ್ಪಲಿಲ್ಲ. ಸಂಘಟನೆ ಕಾಮಗಾರಿಯ ಜಾಗಕ್ಕೆ ದಿಗ್ಬಂಧನ ಹಾಕಿತು, ವಿದ್ಯುತ್ ಕೆಲಸಗಾರರ ಸಂಘಟನೆಯೂ ಬೆಂಬಲಕ್ಕೆ ನಿಂತಿತು, ಕೊನೆಗೆ ಕೆಲಸ ನಿಂತಿತು. ಸ್ವೀಡನ್ನಿನ ಕಾನೂನಿನ ಪ್ರಕಾರ ಇದೆಲ್ಲ ಸಕ್ರಮವೇ ಆಗಿತ್ತು. ಆದರೆ 2007ರ ಡಿಸೆಂಬರ್ 18ರಂದು ಲಕ್ಸೆಂಬರ್ಗ್ ನ್ಯಾಯಾಲಯ, ಮುಷ್ಕರದ ಹಕ್ಕು ಮೂಲಭೂತವೆಂದು ಒಪ್ಪಿಕೊಂಡೂ, ಈ ದಿಗ್ಬಂಧನವು ಸೇವೆ ಒದಗಿಸುವ ಕಂಪನಿಯ ಸ್ವಾತಂತ್ರ್ಯಕ್ಕೆ ಅಡ್ಡಿ ಎಂದು ಹೇಳಿತು. ಬಳಿಕ ಸ್ವೀಡನ್ನಿನ ಕಾರ್ಮಿಕ ನ್ಯಾಯಾಲಯ ಸಂಘಟನೆಗಳೇ ಪರಿಹಾರ ಕಟ್ಟಬೇಕೆಂದು ಆದೇಶಿಸಿತು. ಲಕ್ಸೆಂಬರ್ಗ್‌ನ ಆ ತೀರ್ಪಿಗೆ ಒಂದು ವಾರ ಮೊದಲು ಹೊರಬಂದಿದ್ದ ವೈಕಿಂಗ್ ಪ್ರಕರಣದ ತೀರ್ಪು, ಹೆಲ್ಸಿಂಕಿಯಿಂದ ಟ್ಯಾಲಿನ್‌ಗೆ ಓಡುವ ಫಿನ್ಲೆಂಡ್‌ನ ಹಡಗೊಂದಕ್ಕೆ ಎಸ್ಟೋನಿಯದ ಧ್ವಜ ಹಾಕಿ ಕಡಿಮೆ ಸಂಬಳದ ಸಿಬ್ಬಂದಿ ಇಟ್ಟುಕೊಳ್ಳುವ ವಿವಾದದಲ್ಲಿ ಹೆಚ್ಚುಕಡಿಮೆ ಇದೇ ತರ್ಕವನ್ನು ಅನುಸರಿಸಿತ್ತು.

ಲಾತ್ವಿಯದ ಕಾರ್ಮಿಕರ ದೃಷ್ಟಿಯಿಂದ ನೋಡಿದರೆ ಅವರಿಗೆ ಊರಿನಲ್ಲಿ ಸಿಗುತ್ತಿದ್ದುದಕ್ಕಿಂತ ಹೆಚ್ಚಿನ ಸಂಬಳ ಸಿಗುತ್ತಿತ್ತು, ಆ ಅವಕಾಶ ತಪ್ಪಿತು ಎಂಬ ಮಾತಿನಲ್ಲಿ ಸತ್ಯವಿದೆ. ಬಡ ದೇಶದವರ ದುಡಿಮೆಯನ್ನು ಶ್ರೀಮಂತ ದೇಶದವರು ಕಲ್ಯಾಣದ ಹೆಸರಿನಲ್ಲಿ ಹೊರಗಿಡುವ ಅಪಾಯ ಯಾವಾಗಲೂ ಇದೆ. ಆದರೂ ನನಗೆ ಆ ತೀರ್ಪು ತಪ್ಪೆಂದೇ ಕಾಣುತ್ತದೆ, ಏಕೆಂದರೆ ಅದು ಒಂದು ದೇಶದ ಇಡೀ ವೇತನ ವ್ಯವಸ್ಥೆಯನ್ನು ವ್ಯಾಪಾರಕ್ಕೆ ಒಡ್ಡಿದ ತಡೆಯಂತೆ ನೋಡಿತು. ಈ ತಪ್ಪು ಭಾಗಶಃ ಸರಿಹೋದದ್ದು 2018ರಲ್ಲಿ. ಬೇರೆ ದೇಶದಿಂದ ತಾತ್ಕಾಲಿಕವಾಗಿ ಕಳುಹಿಸಿದ ಕಾರ್ಮಿಕರ ಕುರಿತ 1996ರ ನಿರ್ದೇಶನವನ್ನು (ಸದಸ್ಯ ರಾಷ್ಟ್ರಗಳು ತಮ್ಮ ಕಾನೂನಿನಲ್ಲಿ ಅಳವಡಿಸಿಕೊಳ್ಳಬೇಕಾದ ಒಕ್ಕೂಟದ ಕಾನೂನು) ತಿದ್ದಿ, ಒಂದೇ ಜಾಗದಲ್ಲಿ ಒಂದೇ ಕೆಲಸಕ್ಕೆ ಒಂದೇ ವೇತನ ಎಂಬ ತತ್ವವನ್ನು ತರಲಾಯಿತು. ಹನ್ನೆರಡು ತಿಂಗಳು, ವಿಸ್ತರಣೆಯಾದರೆ ಹದಿನೆಂಟು ತಿಂಗಳು ದಾಟಿದವರಿಗೆ ಆ ದೇಶದ ಕಾರ್ಮಿಕ ಕಾನೂನು ಬಹುತೇಕ ಪೂರ್ತಿ ಅನ್ವಯಿಸುತ್ತದೆ. ಹಂಗೆರಿ ಮತ್ತು ಪೋಲೆಂಡ್ ಇದನ್ನು ಪ್ರಶ್ನಿಸಿದವು, ನ್ಯಾಯಾಲಯ 2020ರಲ್ಲಿ ಅವರ ಅರ್ಜಿಗಳನ್ನು ವಜಾ ಮಾಡಿತು. ಹೊಸ ಒಪ್ಪಂದವಿಲ್ಲದೆ, ಬಹುಮತದಿಂದಲೇ ಆದ ಈ ತಿದ್ದುಪಡಿಯನ್ನು ನಾನು ಸುಧಾರಣೆಯ ಒಳ್ಳೆಯ ಮಾದರಿ ಎಂದು ಪರಿಗಣಿಸುತ್ತೇನೆ. ಉಳಿದಿರುವ ಕೆಲಸವೆಂದರೆ ಸಾಮೂಹಿಕ ಚೌಕಾಸಿ ಮತ್ತು ಮುಷ್ಕರದ ಹಕ್ಕುಗಳಿಗೆ ಮಾರುಕಟ್ಟೆಯ ಸ್ವಾತಂತ್ರ್ಯಗಳಿಗೆ ಸಮನಾದ ಸ್ಥಾನ ಕೊಡುವ ವಿಧಿ. ಅದಕ್ಕೆ ಒಕ್ಕೂಟದ ಮೂಲ ಒಪ್ಪಂದವನ್ನೇ ತಿದ್ದಬೇಕು.

ನೀವು ಪ್ರಸ್ತಾಪಿಸಿದ ಗ್ರೀಸ್‌ನ ಕಥೆ ಬೇರೆಯೇ ಬಾಗಿಲಿನಿಂದ ಬಂದದ್ದು. ಅಲ್ಲಿ ಕೆಲಸ ಮಾಡಿದ್ದು ಮಾರುಕಟ್ಟೆಯ ನಿಯಮಕ್ಕಿಂತ ಹೆಚ್ಚಾಗಿ ಹಣದ ನಿಯಮ. ಯೂರೋ ಕರೆನ್ಸಿಗೆ ಅಡಿಪಾಯ ಹಾಕಿದ ಮಾಸ್ಟ್ರಿಕ್ಟ್ ಒಪ್ಪಂದ ವಿತ್ತೀಯ ಕೊರತೆಗೆ ಜಿಡಿಪಿಯ ಶೇ. 3, ಸಾಲಕ್ಕೆ ಶೇ. 60 ಎಂಬ ಮಿತಿ ಹಾಕಿ, ಒಂದು ರಾಷ್ಟ್ರದ ಸಾಲಕ್ಕೆ ಇನ್ನೊಂದು ರಾಷ್ಟ್ರ ಹೊಣೆಯಲ್ಲ ಎಂದಿತ್ತು. ಸ್ವಂತ ಕರೆನ್ಸಿ ಇರುವ ದೇಶ ಸಂಕಷ್ಟದಲ್ಲಿ ಅದರ ಮೌಲ್ಯ ಇಳಿಸಿ ಉಸಿರಾಡಬಹುದು. ಯೂರೋ ಒಳಗಿದ್ದ ಗ್ರೀಸ್‌ಗೆ ಆ ದಾರಿ ಮುಚ್ಚಿತ್ತು, ಆದ್ದರಿಂದ ಕರೆನ್ಸಿಯ ಬದಲು ಸಂಬಳ ಮತ್ತು ಪಿಂಚಣಿಗಳೇ ಇಳಿದವು. 2010ರ ಮೇ ತಿಂಗಳಲ್ಲಿ 11,000 ಕೋಟಿ ಯೂರೋ ಸಾಲದೊಂದಿಗೆ ಷರತ್ತುಗಳೂ ಬಂದವು. 2012ರ ಫೆಬ್ರುವರಿಯಲ್ಲಿ ಕನಿಷ್ಠ ವೇತನವನ್ನು 751 ಯೂರೋದಿಂದ 586ಕ್ಕೆ, 25 ವರ್ಷದೊಳಗಿನವರಿಗೆ ಇನ್ನೂ ಕೆಳಕ್ಕೆ ಇಳಿಸಲಾಯಿತು. ಅಲ್ಲಿಯವರೆಗೆ ಆ ವೇತನ ಮಾಲೀಕರ ಮತ್ತು ಕಾರ್ಮಿಕರ ಸಂಘಟನೆಗಳ ನಡುವಣ ಒಪ್ಪಂದದಿಂದ ನಿಗದಿಯಾಗುತ್ತಿತ್ತು. ಕಡಿತ ಸರ್ಕಾರಿ ಆದೇಶದಿಂದ ಆಯಿತು. ಸಾರ್ವಜನಿಕ ಆರೋಗ್ಯ ವೆಚ್ಚ ಜಿಡಿಪಿಯ ಶೇ. 6 ಮೀರಬಾರದು ಎಂಬುದೂ ಷರತ್ತಾಗಿತ್ತು. ಅಲ್ಲಿ ಆರೋಗ್ಯ ವಿಮೆ ಉದ್ಯೋಗಕ್ಕೆ ಅಂಟಿಕೊಂಡಿದ್ದರಿಂದ, ಕೆಲಸ ಹೋಗಿ ಕೆಲವು ಕಾಲ ಕಳೆದವರಿಗೆ ಆಸ್ಪತ್ರೆಯ ಬಾಗಿಲೂ ಮುಚ್ಚಿತು. ವಿಮೆಯಿಲ್ಲದವರಿಗೂ ಸಾರ್ವಜನಿಕ ಚಿಕಿತ್ಸೆ ಸಿಗಬೇಕೆಂಬ ಕಾನೂನು ಬಂದದ್ದು 2016ರಲ್ಲಿ. ನಿರುದ್ಯೋಗ 2013ರಲ್ಲಿ ಶೇ. 27ರ ಆಸುಪಾಸಿಗೆ ಮುಟ್ಟಿತು, ಅರ್ಥವ್ಯವಸ್ಥೆ ಸುಮಾರು ನಾಲ್ಕನೇ ಒಂದು ಭಾಗ ಕುಗ್ಗಿತು. ಅದೇ ವರ್ಷ, ಸಾಲ ಕೊಟ್ಟವರಲ್ಲಿ ಒಂದಾದ ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ತನ್ನದೇ ಮೌಲ್ಯಮಾಪನದಲ್ಲಿ ಮೊದಲ ಕಾರ್ಯಕ್ರಮದ ಗಂಭೀರ ವೈಫಲ್ಯಗಳನ್ನು ಒಪ್ಪಿಕೊಂಡಿತು.

ಗ್ರೀಸ್‌ನ ಲೆಕ್ಕಪತ್ರಗಳು ಸುಳ್ಳಾಗಿದ್ದವು, ಅಲ್ಲಿನ ತೆರಿಗೆ ವಸೂಲಿ ದುರ್ಬಲವಾಗಿತ್ತು, ಪಿಂಚಣಿ ವ್ಯವಸ್ಥೆ ನೂರಾರು ವಿನಾಯಿತಿಗಳ ಗೋಜಲಾಗಿತ್ತು ಎಂಬುದೆಲ್ಲ ನಿಜ. ಅದು ಸುಧಾರಣೆಯನ್ನು ಬೇಡುತ್ತಿತ್ತು. ಆದರೆ ಷರತ್ತು ವಿಧಿಸಿದವರು ಯಾರಿಗೆ ಉತ್ತರದಾಯಿಗಳಾಗಿದ್ದರು? ಒಕ್ಕೂಟದ ಕಾರ್ಯಾಂಗವಾದ ಐರೋಪ್ಯ ಆಯೋಗ, ಐರೋಪ್ಯ ಕೇಂದ್ರ ಬ್ಯಾಂಕ್ ಮತ್ತು ಐಎಂಎಫ್ ಸೇರಿದ ‘ಟ್ರೋಯಿಕಾ’ ಒಕ್ಕೂಟದ ಸಾಮಾನ್ಯ ಕಾನೂನು ಪ್ರಕ್ರಿಯೆಯ ಹೊರಗೆ ಕೆಲಸ ಮಾಡಿತು, ಐರೋಪ್ಯ ಸಂಸತ್ತಿಗೆ ಅದರ ಮೇಲೆ ಹಿಡಿತವಿರಲಿಲ್ಲ. ಒಕ್ಕೂಟದ ಮೂಲ ಒಪ್ಪಂದಗಳನ್ನು ತಿದ್ದಿದ ಲಿಸ್ಬನ್ ಒಪ್ಪಂದ ತಂದ 9ನೇ ವಿಧಿ ಒಕ್ಕೂಟದ ಪ್ರತಿಯೊಂದು ನೀತಿಯಲ್ಲೂ ಸಾಮಾಜಿಕ ರಕ್ಷಣೆಯನ್ನು ಗಮನದಲ್ಲಿಡಬೇಕು ಎನ್ನುತ್ತದೆ. ಆ ವಿಧಿ 2009ರ ಡಿಸೆಂಬರ್‌ನಲ್ಲಿ ಜಾರಿಗೆ ಬಂತು, ಐದೇ ತಿಂಗಳಿಗೆ ಗ್ರೀಸ್‌ನಲ್ಲಿ ಅದರ ಪರೀಕ್ಷೆಯಾಯಿತು, ಫಲಿತಾಂಶ ಎಲ್ಲರಿಗೂ ಗೊತ್ತಿದೆ.

ಹಾಗಾದರೆ ಬ್ರಸೆಲ್ಸ್ ಇನ್ನಷ್ಟು ಸಾಮಾಜಿಕ ಕಾನೂನುಗಳನ್ನು ಮಾಡಿದರೆ ಸಾಕೇ ಎಂದು ನೀವು ಕೇಳಬಹುದು. ಇಲ್ಲಿ ಒಂದು ವಿಚಿತ್ರವಿದೆ: ಒಕ್ಕೂಟದ ಸಾಮಾಜಿಕ ಕಾನೂನುಗಳಿಗೆ ಅತಿ ಗಟ್ಟಿಯಾದ ವಿರೋಧ ಬರುವುದು ಅತಿ ಗಟ್ಟಿಯಾದ ಕಲ್ಯಾಣ ವ್ಯವಸ್ಥೆ ಇರುವ ದೇಶಗಳಿಂದ. 2017ರ ನವೆಂಬರ್‌ನಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಇಪ್ಪತ್ತು ತತ್ವಗಳ ‘ಸಾಮಾಜಿಕ ಹಕ್ಕುಗಳ ಸ್ತಂಭ’ವನ್ನು ಘೋಷಿಸಲಾಯಿತು. ಘೋಷಣೆಗೆ ಕಾನೂನಿನ ಬಲವಿಲ್ಲ, ಆದರೆ ಅದರ ಬೆನ್ನಿಗೆ 2022ರಲ್ಲಿ ಸಮರ್ಪಕ ಕನಿಷ್ಠ ವೇತನದ ನಿರ್ದೇಶನ ಬಂತು. ಮಧ್ಯಮ ಮಟ್ಟದ ವೇತನದ (ಅರ್ಧ ಕಾರ್ಮಿಕರು ಅದಕ್ಕಿಂತ ಹೆಚ್ಚು, ಅರ್ಧ ಕಡಿಮೆ ಪಡೆಯುವ ಮಟ್ಟ) ಶೇ. 60 ಅಥವಾ ಸರಾಸರಿಯ ಶೇ. 50ರಂಥ ಅಳತೆಗೋಲುಗಳನ್ನಿಟ್ಟು ಕನಿಷ್ಠ ವೇತನವನ್ನು ತೂಗಿ ನೋಡಬೇಕು. ಸಾಮೂಹಿಕ ಒಪ್ಪಂದಗಳು ಶೇ. 80ಕ್ಕಿಂತ ಕಡಿಮೆ ಕಾರ್ಮಿಕರನ್ನು ಒಳಗೊಂಡಿದ್ದರೆ ಅದನ್ನು ಹೆಚ್ಚಿಸುವ ಕ್ರಿಯಾಯೋಜನೆ ಮಾಡಬೇಕು. ಕಾನೂನಿನ ಮೂಲಕ ಕನಿಷ್ಠ ವೇತನ ಇಲ್ಲದ ದೇಶ ಅದನ್ನು ತರಲೇಬೇಕು ಎಂದೇನೂ ಇಲ್ಲ. ಆದರೂ ಡೆನ್ಮಾರ್ಕ್ ನ್ಯಾಯಾಲಯಕ್ಕೆ ಹೋಯಿತು, ಸ್ವೀಡನ್ ಬೆಂಬಲಿಸಿತು. ವೇತನವನ್ನು ಒಕ್ಕೂಟದ ಅಧಿಕಾರದಿಂದ ಒಪ್ಪಂದವೇ ಹೊರಗಿಟ್ಟಿದೆ, ಇವತ್ತು ಅಳತೆಗೋಲು ಕೊಟ್ಟವರು ನಾಳೆ ಅಂಕಿಯನ್ನೇ ಕೊಡಬಹುದು ಎಂಬುದು ಅವರ ವಾದ. ವಾಕ್ಸ್‌ಹೋಲ್ಮ್ ನೆನಪಿದ್ದವರಿಗೆ ಈ ಅನುಮಾನ ಅತಿಯೆನಿಸದು.

2025ರ ನವೆಂಬರ್ 11ರಂದು ನ್ಯಾಯಾಲಯ ನಿರ್ದೇಶನದ ಬಹುಭಾಗವನ್ನು ಎತ್ತಿಹಿಡಿದು, ವೇತನ ನಿಗದಿಗೆ ಯಾವ ಮಾನದಂಡಗಳನ್ನು ಬಳಸಬೇಕೆಂದು ಕಡ್ಡಾಯ ಮಾಡುವ ಭಾಗವನ್ನೂ, ಬೆಲೆಗೆ ಜೋಡಿಸಿದ ವೇತನ ಇಳಿಯದಂತೆ ತಡೆಯುವ ಭಾಗವನ್ನೂ ರದ್ದು ಮಾಡಿತು. ಇದು ಇಬ್ಬರಿಗೂ ಅರ್ಧ ಸಿಹಿ, ಅರ್ಧ ಕಹಿ ಆದ ತೀರ್ಪು. ಆದರೆ ನನಗೆ ಇದರಲ್ಲಿ ಸುಧಾರಣೆಗೆ ಬೇಕಾದ ಸರಿಯಾದ ಗೆರೆ ಕಾಣಿಸುತ್ತದೆ: ಎಷ್ಟು ವೇತನ, ಎಷ್ಟು ಪಿಂಚಣಿ ಎಂಬುದನ್ನು ದೇಶಗಳು ತೀರ್ಮಾನಿಸಲಿ, ಅದನ್ನು ತೀರ್ಮಾನಿಸುವ ಶಕ್ತಿ ಅವುಗಳ ಕೈಯಲ್ಲಿ ಉಳಿಯುವಂತೆ ನೋಡಿಕೊಳ್ಳುವುದು ಒಕ್ಕೂಟದ ಹೊಣೆಯಾಗಲಿ. ಒಂದೇ ಐರೋಪ್ಯ ಪಿಂಚಣಿ, ಒಂದೇ ಐರೋಪ್ಯ ಆರೋಗ್ಯ ವಿಮೆ ಎಂಬ ಕನಸುಗಳನ್ನು ನಾನು ಆ ಕಾರಣಕ್ಕೇ ಒಪ್ಪುವುದಿಲ್ಲ. ಡೇನಿಷ್ ಕಾರ್ಮಿಕನಿಗೆ ಅದು ಇಳಿಕೆಯಾಗುತ್ತದೆ, ಬಲ್ಗೇರಿಯದ ಖಜಾನೆಗೆ ಭಾರವಾಗುತ್ತದೆ, ಯಾರೂ ಅದನ್ನು ತಮ್ಮದೆಂದುಕೊಳ್ಳುವುದಿಲ್ಲ.

ದೇಶಗಳ ಶಕ್ತಿಯನ್ನು ಉಳಿಸುವ ವ್ಯವಸ್ಥೆ ಹೇಗಿರಬಹುದು ಎಂಬುದನ್ನು ಕೋವಿಡ್ ತೋರಿಸಿಕೊಟ್ಟಿತು, ಅದೂ ಯಾರೂ ನಿರೀಕ್ಷಿಸದ ವೇಗದಲ್ಲಿ. ಜರ್ಮನಿಯಲ್ಲಿ ‘ಕುರ್ಜ್‌ಆರ್ಬೈಟ್’ ಎಂಬ ಹಳೆಯ ಪದ್ಧತಿಯಿದೆ. ಬೇಡಿಕೆ ಕುಸಿದಾಗ ಕಂಪನಿ ನೌಕರರನ್ನು ತೆಗೆದುಹಾಕದೆ ಕೆಲಸದ ಗಂಟೆಗಳನ್ನು ಕಡಿಮೆ ಮಾಡುತ್ತದೆ. ಕಳೆದುಹೋದ ನಿವ್ವಳ ಸಂಬಳದಲ್ಲಿ ಶೇ. 60ರಷ್ಟನ್ನು, ಮಕ್ಕಳಿದ್ದರೆ ಶೇ. 67ರಷ್ಟನ್ನು ಉದ್ಯೋಗ ವಿಮೆಯ ನಿಧಿ ತುಂಬಿಕೊಡುತ್ತದೆ. ಕೆಲಸಗಾರ ಮನೆಯಲ್ಲಿದ್ದರೂ ನೌಕರಿಯಲ್ಲೇ ಇರುತ್ತಾನೆ, ಕಾರ್ಖಾನೆ ಮತ್ತೆ ತೆರೆದಾಗ ಅದೇ ಯಂತ್ರದ ಮುಂದೆ ನಿಲ್ಲುತ್ತಾನೆ. ಜರ್ಮನಿಯಂಥ ಖಜಾನೆ ಇದ್ದರೆ ಇದು ಸುಲಭ. ಇಟಲಿ, ಸ್ಪೇನ್‌ಗಳು 2020ರ ಮಾರ್ಚ್‌ನಲ್ಲಿ ಇಂಥ ಯೋಜನೆಗೆ ಸಾಲ ಎತ್ತಬೇಕಾದರೆ ಹೆಚ್ಚು ಬಡ್ಡಿ ತೆರಬೇಕಾಗಿತ್ತು. ಆಗ ಬಂದದ್ದು ‘ಶ್ಯೂರ್’ ಎಂಬ ಯೋಜನೆ. ಸದಸ್ಯ ರಾಷ್ಟ್ರಗಳೆಲ್ಲ ಸೇರಿ 2,500 ಕೋಟಿ ಯೂರೋ ಖಾತರಿ ನೀಡಿದವು, ಅದರ ಆಧಾರದ ಮೇಲೆ ಆಯೋಗ ಮಾರುಕಟ್ಟೆಯಲ್ಲಿ ಬಾಂಡ್ ಮಾರಿ ಕಡಿಮೆ ಬಡ್ಡಿಗೆ ಹಣ ಎತ್ತಿತು, ಆ ಹಣವನ್ನು ಉದ್ಯೋಗ ಉಳಿಸುವ ಯೋಜನೆಗಳಿಗೆಂದೇ 19 ರಾಷ್ಟ್ರಗಳಿಗೆ ಸಾಲ ಕೊಟ್ಟಿತು. ಒಟ್ಟು 9,840 ಕೋಟಿ ಯೂರೋ. ಆಯೋಗದ ಅಂದಾಜಿನಲ್ಲಿ 2020ರಲ್ಲಿ ಸುಮಾರು 3.15 ಕೋಟಿ ದುಡಿಯುವವರಿಗೆ ಇದರ ನೆರವು ತಲುಪಿತು. ಜರ್ಮನಿ, ಫ್ರಾನ್ಸ್, ನೆದರ್ಲೆಂಡ್ಸ್‌ಗಳು ಖಾತರಿ ಕೊಟ್ಟವು, ಸಾಲ ಪಡೆಯಲಿಲ್ಲ.

ಇಲ್ಲಿ ಬ್ರಸೆಲ್ಸ್ ಯಾರ ಭತ್ಯೆಯನ್ನೂ ನಿಗದಿ ಮಾಡಲಿಲ್ಲ, ಪಿಂಚಣಿ ಕಡಿತದಂಥ ಷರತ್ತು ಹಾಕಲಿಲ್ಲ, ಒಪ್ಪಂದವನ್ನೂ ತಿದ್ದಲಿಲ್ಲ. ತುರ್ತು ನೆರವಿಗೆ ಅವಕಾಶ ಕೊಡುವ 122ನೇ ವಿಧಿಯ ಅಡಿಯಲ್ಲೇ ಎಲ್ಲವೂ ಆಯಿತು. 2010ರ ಗ್ರೀಸ್ ಮತ್ತು 2020ರ ಇಟಲಿಯನ್ನು ಅಕ್ಕಪಕ್ಕ ಇಟ್ಟು ನೋಡಿ, ಒಕ್ಕೂಟ ಹತ್ತು ವರ್ಷಗಳಲ್ಲಿ ಎಷ್ಟು ಕಲಿತಿತ್ತು ಎಂಬುದು ಕಾಣುತ್ತದೆ. ಬೇಸರದ ಸಂಗತಿಯೆಂದರೆ ಶ್ಯೂರ್ 2022ರ ಕೊನೆಗೆ ಮುಗಿದುಹೋಯಿತು. ಅದನ್ನು ಶಾಶ್ವತಗೊಳಿಸಿ, ಯಾವುದೇ ದೇಶದಲ್ಲಿ ನಿರುದ್ಯೋಗ ಹಠಾತ್ತನೆ ಏರಿದಾಗ ತಾನಾಗಿಯೇ ನೆರವು ಹರಿಯುವ ಮರುವಿಮೆಯಾಗಿ ಮಾಡಬೇಕೆಂಬ ಪ್ರಸ್ತಾಪ ಹಳೆಯದು, ಇನ್ನೂ ಕೈಗೂಡಿಲ್ಲ. ಉತ್ತರದ ದೇಶಗಳಲ್ಲಿ ‘ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ’ ಎಂಬ ಭಯ ಆಳವಾಗಿದೆ. ಸದಾ ಒಂದೇ ದಿಕ್ಕಿಗೆ ಹಣ ಹರಿಯದಂತೆ, ದೇಶದ ದೀರ್ಘಕಾಲದ ಸರಾಸರಿಗಿಂತ ನಿರುದ್ಯೋಗ ಏಕಾಏಕಿ ಮೇಲೇರಿದಾಗ ಮಾತ್ರ ನೆರವು, ಆಗಾಗ ಪಡೆದವರಿಗೆ ಹೆಚ್ಚು ವಂತಿಗೆ ಎಂಬ ನಿಯಮಗಳನ್ನು ರೂಪಿಸಬಹುದು. ಸುಧಾರಣೆಯ ಒಂದೇ ಅಂಶವನ್ನು ಆರಿಸಿಕೊಳ್ಳಿ ಎಂದರೆ ನಾನು ಇದನ್ನೇ ಆರಿಸುತ್ತೇನೆ.

ಹಣದ ಇನ್ನೊಂದು ಮೂಲ ತೆರಿಗೆ. ಬಂಡವಾಳ ಗಡಿ ದಾಟಬಲ್ಲದು, ಬಡಗಿ ಅಥವಾ ದಾದಿ ಅಷ್ಟು ಸುಲಭವಾಗಿ ದಾಟಲಾರರು; ಆದ್ದರಿಂದ ಕಂಪನಿ ತೆರಿಗೆ ಇಳಿಸುವ ಪೈಪೋಟಿಯಲ್ಲಿ ಕಲ್ಯಾಣದ ಹೊರೆ ನಿಧಾನವಾಗಿ ಸಂಬಳದ ಮೇಲೆ ಬೀಳುತ್ತದೆ. 2022ರ ಡಿಸೆಂಬರ್‌ನಲ್ಲಿ ದೊಡ್ಡ ಬಹುರಾಷ್ಟ್ರೀಯ ಕಂಪನಿಗಳಿಗೆ ಶೇ. 15ರ ಕನಿಷ್ಠ ತೆರಿಗೆ ಒಪ್ಪಿತವಾದದ್ದು ದೊಡ್ಡ ಹೆಜ್ಜೆ. ಆದರೆ ಸರ್ವಾನುಮತ ಬೇಕಾಗಿದ್ದರಿಂದ ಪೋಲೆಂಡ್, ಹಂಗೆರಿಗಳು ಒಂದರ ನಂತರ ಒಂದು ತಿಂಗಳುಗಟ್ಟಲೆ ತಡೆದವು. ತೆರಿಗೆಯ ಕನಿಷ್ಠ ಮಟ್ಟದ ವಿಷಯದಲ್ಲಾದರೂ ಬಹುಮತಕ್ಕೆ ಹೋಗದಿದ್ದರೆ ಉಳಿದ ಮಾತುಗಳಿಗೆ ಹೆಚ್ಚು ಅರ್ಥವಿಲ್ಲ.

ಖರ್ಚಿನ ನಿಯಮಗಳಿಗೆ ಬಂದರೆ, 2024ರ ಏಪ್ರಿಲ್‌ನಿಂದ ಹೊಸ ವಿತ್ತೀಯ ನಿಯಮಗಳಿವೆ. ಪ್ರತಿ ದೇಶ ನಾಲ್ಕು ವರ್ಷದ ಯೋಜನೆ ಕೊಡಬೇಕು, ಸುಧಾರಣೆ ಮತ್ತು ಹೂಡಿಕೆಯ ಭರವಸೆ ಕೊಟ್ಟರೆ ಏಳು ವರ್ಷಕ್ಕೆ ವಿಸ್ತರಿಸಬಹುದು, ಶೇ. 3ರ ಮಿತಿ ಹಾಗೆಯೇ ಇದೆ. ಹಿಂದಿನದಕ್ಕಿಂತ ಇದು ಸ್ವಲ್ಪ ಮೃದು. ಆದರೆ 2025ರಲ್ಲಿ ರಕ್ಷಣಾ ವೆಚ್ಚಕ್ಕೆಂದು ಜಿಡಿಪಿಯ ಶೇ. 1.5ರವರೆಗೆ ಈ ನಿಯಮಗಳಿಂದ ವಿನಾಯಿತಿ ಕೊಟ್ಟಾಗ ಹದಿನೈದಕ್ಕೂ ಹೆಚ್ಚು ದೇಶಗಳು ಅದನ್ನು ಬಳಸಿಕೊಂಡವು. ಉಕ್ರೇನ್ ಯುದ್ಧದ ನೆರಳಿನಲ್ಲಿ ಅದು ಅರ್ಥವಾಗುವಂಥದ್ದೇ. ಟ್ಯಾಂಕ್‌ಗೆ ಸಿಗುವ ವಿನಾಯಿತಿ ಶಿಶುವಿಹಾರಕ್ಕೆ ಏಕಿಲ್ಲ ಎಂಬ ಪ್ರಶ್ನೆಗೆ ಮಾತ್ರ ಉತ್ತರ ಬಂದಿಲ್ಲ. ವಿನಾಯಿತಿ ಮುಗಿದ ಮೇಲೆ ಆ ಖರ್ಚನ್ನು ಎಲ್ಲಿಂದಾದರೂ ತುಂಬಲೇಬೇಕು. ಡೆನ್ಮಾರ್ಕ್ ರಕ್ಷಣಾ ವೆಚ್ಚಕ್ಕಾಗಿ 1686ರಿಂದ ಇದ್ದ ‘ಮಹಾ ಪ್ರಾರ್ಥನಾ ದಿನ’ದ ರಜೆಯನ್ನೇ 2024ರಿಂದ ತೆಗೆದುಹಾಕಿತು, ಕೋಪನ್‌ಹೇಗನ್‌ನಲ್ಲಿ ಕಾರ್ಮಿಕ ಸಂಘಟನೆಗಳು ದೊಡ್ಡ ಪ್ರತಿಭಟನೆ ನಡೆಸಿದರೂ ನಿರ್ಧಾರ ಬದಲಾಗಲಿಲ್ಲ. ಕೇಂದ್ರ ಬ್ಯಾಂಕಿನ ಮಾಜಿ ಮುಖ್ಯಸ್ಥ ಮಾರಿಯೊ ದ್ರಾಗಿ 2024ರ ತಮ್ಮ ವರದಿಯಲ್ಲಿ ಸ್ಪರ್ಧಾಶಕ್ತಿಗಾಗಿ ವರ್ಷಕ್ಕೆ ಹೆಚ್ಚುವರಿ 75,000ದಿಂದ 80,000 ಕೋಟಿ ಯೂರೋ ಹೂಡಿಕೆ ಬೇಕೆಂದರು. ಐರೋಪ್ಯ ಸಾಮಾಜಿಕ ಮಾದರಿಯನ್ನು ಉಳಿಸಿಕೊಳ್ಳಬೇಕಾದರೆ ಬೆಳವಣಿಗೆ ಬೇಕು ಎಂಬ ಅವರ ವಾದವನ್ನು ನಾನು ಒಪ್ಪುತ್ತೇನೆ. ಆ ಹಣವನ್ನು ಜಂಟಿ ಸಾಲದಿಂದ ತರುವುದೋ, ರಾಷ್ಟ್ರಗಳ ಬಜೆಟ್ಟಿನಿಂದ ಹಿಂಡುವುದೋ ಎಂಬುದರ ಮೇಲೆ ನಿಮ್ಮ ಪ್ರಶ್ನೆಯ ಅರ್ಧ ಉತ್ತರ ನಿಂತಿದೆ. 2028ರಿಂದ ಆರಂಭವಾಗುವ ಏಳು ವರ್ಷದ ಬಜೆಟ್ಟಿಗೆ ಆಯೋಗ 2025ರ ಜುಲೈನಲ್ಲಿ ಮುಂದಿಟ್ಟ ಪ್ರಸ್ತಾಪದಲ್ಲಿ, ತರಬೇತಿ, ಉದ್ಯೋಗಗಳಿಗೆ ನೆರವಾಗಲು 1957ರಿಂದ ಇರುವ ಐರೋಪ್ಯ ಸಾಮಾಜಿಕ ನಿಧಿಯನ್ನು ಪ್ರತಿ ದೇಶದ ಒಂದೇ ದೊಡ್ಡ ಯೋಜನೆಯೊಳಗೆ ಸೇರಿಸಿ, ಸಾಮಾಜಿಕ ಉದ್ದೇಶಗಳಿಗೆ ಶೇ. 14ರ ಗುರಿ ಇಡಲಾಗಿದೆ. ಒಂದೇ ಚೀಲದಲ್ಲಿ ಕೃಷಿ, ರಸ್ತೆ, ತರಬೇತಿ ಎಲ್ಲವೂ ಪೈಪೋಟಿ ನಡೆಸುವಾಗ ತರಬೇತಿಯ ಪಾಲು ಕರಗುವುದು ಸುಲಭ. ಪ್ರತ್ಯೇಕ ನಿಧಿಯಾಗಿಯೇ ಉಳಿಯುವುದು ಲೇಸು.

ಒಪ್ಪಂದವನ್ನೇ ತಿದ್ದುವ ದಾರಿ ಎಷ್ಟು ಕಿರಿದು ಎಂಬುದಕ್ಕೆ 2005 ಸಾಕ್ಷಿ. ಮೇ 29ರಂದು ಫ್ರಾನ್ಸ್, ಜೂನ್ 1ರಂದು ನೆದರ್ಲೆಂಡ್ಸ್ ಜನಮತಗಣನೆಯಲ್ಲಿ ಒಕ್ಕೂಟದ ಸಂವಿಧಾನವನ್ನು ತಿರಸ್ಕರಿಸಿದವು. ಫ್ರಾನ್ಸ್‌ನ ಪ್ರಚಾರದಲ್ಲಿ ಕಡಿಮೆ ಕೂಲಿಗೆ ಬರುವ ‘ಪೋಲೆಂಡಿನ ಪ್ಲಂಬರ್’ ಭಯದ ಗೊಂಬೆಯಾಗಿದ್ದ. 2008ರಲ್ಲಿ ಲಿಸ್ಬನ್ ಒಪ್ಪಂದವನ್ನು ಐರ್ಲೆಂಡ್ ತಿರಸ್ಕರಿಸಿದಾಗ, ಕಾರ್ಮಿಕರ ಹಕ್ಕುಗಳ ಕುರಿತ ಒಂದು ಘೋಷಣೆಯನ್ನೂ ಸೇರಿಸಿಕೊಟ್ಟು ಮರುವರ್ಷ ಒಪ್ಪಿಸಬೇಕಾಯಿತು. ಕಲ್ಯಾಣದ ಭಯವೇ ಸುಧಾರಣೆಯನ್ನು ಕೆಡವುತ್ತದೆ ಎಂದಾದರೆ, ಕಲ್ಯಾಣದ ಖಾತರಿಯನ್ನು ಸುಧಾರಣೆಯ ಮೊದಲ ಪುಟದಲ್ಲಿ ಬರೆಯುವುದು ರಾಜಕೀಯವಾಗಿಯೂ ಜಾಣತನ. ಬ್ರಿಟನ್ ಇದಕ್ಕೆ ಉಲ್ಟಾ ದಾರಿ ಹಿಡಿಯಿತು. 2016ರ ಫೆಬ್ರುವರಿಯಲ್ಲಿ ಪ್ರಧಾನಿ ಡೇವಿಡ್ ಕ್ಯಾಮರೂನ್ ಪಡೆದುಕೊಂಡ ರಿಯಾಯಿತಿ, ಇತರ ಸದಸ್ಯ ರಾಷ್ಟ್ರಗಳಿಂದ ಬಂದ ದುಡಿಯುವವರಿಗೆ ಭತ್ಯೆಗಳನ್ನು ನಾಲ್ಕು ವರ್ಷದವರೆಗೆ ಮಿತಿಗೊಳಿಸುವುದಾಗಿತ್ತು; ಜೂನ್‌ನಲ್ಲಿ ಶೇ. 51.9ರಷ್ಟು ಮತದಾರರು ಒಕ್ಕೂಟವನ್ನೇ ಬಿಟ್ಟರು. ಆಸ್ಟ್ರಿಯ 2019ರಿಂದ, ಮಕ್ಕಳು ಬೇರೆ ದೇಶದಲ್ಲಿದ್ದರೆ ಅಲ್ಲಿನ ಜೀವನವೆಚ್ಚಕ್ಕೆ ತಕ್ಕಂತೆ ಕುಟುಂಬ ಭತ್ಯೆಯನ್ನು ಇಳಿಸಿತ್ತು. ವಿಯೆನ್ನಾದ ವೃದ್ಧರನ್ನು ನೋಡಿಕೊಳ್ಳುತ್ತಿದ್ದ ಸ್ಲೊವಾಕಿಯ, ಹಂಗೆರಿಗಳ ಮಹಿಳೆಯರ ಮನೆಗಳಿಗೆ ಅದರ ಬಿಸಿ ತಟ್ಟಿತು. ಸಮಾನ ತೆರಿಗೆ, ಸಮಾನ ವಂತಿಗೆ ಕಟ್ಟುವವರಿಗೆ ಸಮಾನ ಭತ್ಯೆ ಸಲ್ಲಬೇಕು ಎಂದು ನ್ಯಾಯಾಲಯ 2022ರ ಜೂನ್‌ನಲ್ಲಿ ಅದನ್ನು ತಳ್ಳಿಹಾಕಿತು. ವಲಸಿಗರ ಭತ್ಯೆ ಕತ್ತರಿಸಿ ಸ್ಥಳೀಯರ ಕಲ್ಯಾಣ ಉಳಿಸುವ ರಾಜಕೀಯದಿಂದ ಉಳಿಯುವ ಹಣ ಅತ್ಯಲ್ಪ ಎಂಬುದು ನನ್ನ ಗ್ರಹಿಕೆ.

ಇನ್ನು ನಿಮ್ಮ ಮಗಳ ವಿಷಯ. ಒಕ್ಕೂಟದ ಅತಿ ಹಳೆಯ ಸಾಮಾಜಿಕ ಸಾಧನೆ ಅವರ ಕೈಯಲ್ಲೇ ಇದೆ. ಬೆಲ್ಜಿಯಂನ ಗಣಿಗಳಿಗೆ ಇಟಲಿಯಿಂದ ಕಾರ್ಮಿಕರು ಹೋಗುತ್ತಿದ್ದ ಕಾಲದಲ್ಲಿ, 1958ರಲ್ಲೇ, ದುಡಿಮೆಯ ಅವಧಿಗಳನ್ನು ದೇಶದಿಂದ ದೇಶಕ್ಕೆ ಕೂಡಿಸುವ ನಿಯಮ ಬಂತು. ಈಗಿನ 883/2004ನೇ ನಿಯಮ ಅದರ ಮೊಮ್ಮಗು. ಒಂದಕ್ಕಿಂತ ಹೆಚ್ಚು ಸದಸ್ಯ ರಾಷ್ಟ್ರಗಳಲ್ಲಿ ಕಾನೂನುಬದ್ಧವಾಗಿ ಇದ್ದ ಹೊರದೇಶದವರಿಗೂ, ಅಂದರೆ ಭಾರತೀಯರಿಗೂ, ಇದನ್ನು 2010ರಲ್ಲಿ ವಿಸ್ತರಿಸಲಾಯಿತು. ನೆದರ್ಲೆಂಡ್ಸ್‌ನ ಮೂಲ ವೃದ್ಧಾಪ್ಯ ಪಿಂಚಣಿ ಅಲ್ಲಿದ್ದ ಪ್ರತಿ ವರ್ಷಕ್ಕೆ ಶೇ. 2ರಂತೆ ಜಮೆಯಾಗುತ್ತದೆ, ಆದ್ದರಿಂದ ಮೂರು ವರ್ಷಕ್ಕೆ ಪೂರ್ಣ ಪಿಂಚಣಿಯ ಸುಮಾರು ಶೇ. 6. ಜರ್ಮನಿಯಲ್ಲಿ ಪಿಂಚಣಿಯ ಹಕ್ಕು ಹುಟ್ಟಲು 60 ತಿಂಗಳು ಬೇಕು; ಅದನ್ನು ತುಂಬುವಾಗ ಡಚ್ ತಿಂಗಳುಗಳೂ ಲೆಕ್ಕಕ್ಕೆ ಬರುತ್ತವೆ. ಭಾರತ ಮತ್ತು ಜರ್ಮನಿ ನಡುವಿನ ಸಾಮಾಜಿಕ ಭದ್ರತಾ ಒಪ್ಪಂದ 2017ರ ಮೇ ತಿಂಗಳಿಂದ ಜಾರಿಯಲ್ಲಿದೆ. ಬೆಂಗಳೂರಿನ ಕಂಪನಿಯೇ ತಾತ್ಕಾಲಿಕವಾಗಿ ಜರ್ಮನಿಗೆ ಕಳುಹಿಸಿದವರು ಇಪಿಎಫ್‌ಒ ಕೊಡುವ ‘ಸರ್ಟಿಫಿಕೇಟ್ ಆಫ್ ಕವರೇಜ್’ ತೋರಿಸಿ ಅಲ್ಲಿನ ಪಿಂಚಣಿ ವಂತಿಗೆಯಿಂದ ವಿನಾಯಿತಿ ಪಡೆಯಬಹುದು. ಅಲ್ಲಿಯ ಕಂಪನಿಯಲ್ಲೇ ನೇಮಕವಾದವರು ಅಲ್ಲಿಯೇ ಕಟ್ಟುತ್ತಾರೆ, ಅಲ್ಲಿಂದಲೇ ಪಡೆಯುತ್ತಾರೆ.

ಬಿರುಕು ಇರುವುದು ನಿರುದ್ಯೋಗದ ವಿಷಯದಲ್ಲಿ. ಜರ್ಮನಿಯಲ್ಲಿ ಕಳೆದ 30 ತಿಂಗಳಲ್ಲಿ 12 ತಿಂಗಳು ವಂತಿಗೆ ಕಟ್ಟಿದವರಿಗೆ ನಿರುದ್ಯೋಗ ಭತ್ಯೆಯ ಹಕ್ಕಿದೆ, ಅಲ್ಲಿಯೂ ಡಚ್ ತಿಂಗಳುಗಳನ್ನು ಸೇರಿಸಬಹುದು. ಆದರೆ ನಿಮ್ಮ ಮಗಳು ಬ್ಲೂ ಕಾರ್ಡ್ (ಹೊರದೇಶದ ಉನ್ನತ ಕೌಶಲದವರಿಗೆ ಕೊಡುವ ವಾಸ ಮತ್ತು ಕೆಲಸದ ಪರವಾನಗಿ) ಮೇಲಿದ್ದರೆ, ಒಕ್ಕೂಟದ ನಿರ್ದೇಶನ ಖಾತರಿಪಡಿಸುವುದು ಕೆಲಸ ಹೋದ ಮೇಲೆ ಮೂರು ತಿಂಗಳ ವಾಸ, ಎರಡು ವರ್ಷ ಕಾರ್ಡ್ ಹೊಂದಿದ್ದವರಿಗೆ ಆರು ತಿಂಗಳು. ವಂತಿಗೆ ಕಟ್ಟಿ ಗಳಿಸಿದ ಭತ್ಯೆಯ ಅವಧಿ ಮುಗಿಯುವ ಮೊದಲೇ ವಾಸದ ಹಕ್ಕು ಅಲುಗಾಡಬಹುದು. ಈ ಎರಡು ಅವಧಿಗಳನ್ನು ಸಮ ಮಾಡುವುದಕ್ಕೆ ಹೊಸ ಒಪ್ಪಂದ ಬೇಡ, ಒಂದು ನಿರ್ದೇಶನದ ತಿದ್ದುಪಡಿ ಸಾಕು, ಅದೂ ಬಹುಮತದಿಂದ ಆಗಬಲ್ಲದು. ಅದು ಆಗುವವರೆಗೆ ನೆದರ್ಲೆಂಡ್ಸ್‌ನ ಸಂಬಳ ಚೀಟಿಗಳನ್ನೂ ಪಿಂಚಣಿ ದಾಖಲೆಗಳನ್ನೂ ಜೋಪಾನವಾಗಿಟ್ಟುಕೊಳ್ಳಲು, ಅಲ್ಲಿ ವಿಮೆಯಲ್ಲಿದ್ದ ಅವಧಿಯನ್ನು ದೃಢೀಕರಿಸುವ ‘ಯು1’ ಪತ್ರವನ್ನು ಈಗಲೇ ತರಿಸಿಟ್ಟುಕೊಳ್ಳಲು ಮಗಳಿಗೆ ತಿಳಿಸಿ. ಕೆಲಸ ಕಳೆದುಕೊಂಡ ಮೇಲೆ ಎರಡು ದೇಶಗಳ ಕಚೇರಿಗಳ ನಡುವೆ ಆ ಕಾಗದಕ್ಕಾಗಿ ಕಾಯುವುದು ವಾರಗಟ್ಟಲೆಯ ಕೆಲಸ.